ತೌಡಿಗೆ ಕೊಂಡ ಮಗು

ಡಿಸೆಂಬರ್ ಬಂತೆಂದರೆ ನನ್ನ ಹೆಂಡತಿಗೆ ಅವರೆಕಾಯಿ ಹುಚ್ಚು ಹಿಡಿಯುತ್ತದೆ. ಉಪ್ಪಿಟ್ಟಿಗೂ ಅದೇ, ಸಾರಿಗೂ ಅದೇ, ರೊಟ್ಟಿಗೂ ಅದೇ. ಒಂದು ತಿಂಗಳು ಇಡೀ ಮನೆ ಕಾಯಿ ಸುಲಿಯುತ್ತ ಕೂತಿರುತ್ತದೆ. ಹೋದ ವಾರ ಬೆಳಬೆಳಗ್ಗೆ ನನ್ನನ್ನು ಮಹದೇವಪುರದ ಸಿಗ್ನಲ್ ಹತ್ತಿರದ ಗಾಡಿಯವನ ಬಳಿಗೆ ಅಟ್ಟಿದಳು. ಸುತ್ತ ಆಫೀಸು ಬಸ್ಸುಗಳು, ಹೆಲ್ಮೆಟ್ಟಿನ ತಲೆಗಳು, ಕಿವಿ ಹರಿಯುವ ಹಾರ್ನು. ಗಾಡಿಯವನು ಗೋಣಿತಾಟು ಸರಿಸಿ, "ಇಬ್ಬನಿ ಬಿದ್ದ ಕಾಯಿ ಸಾರ್, ಸೊಗಡು ನೋಡಿ" ಎಂದು ಒಂದು ಹಿಡಿ ತೆಗೆದು ನನ್ನ ಮೂಗಿಗೇ ಹಿಡಿದ. ಪಕ್ಕದಲ್ಲಿದ್ದ ಹೆಂಗಸು ಕಣ್ಣು ಮುಚ್ಚಿ ಆಹಾ ಎಂದಳು. ನಾನು ಥಟ್ಟನೆ ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಅರವತ್ತರ ಹತ್ತಿರದ ಗಂಡಸು ಅವರೆಕಾಯಿಗೆ ಹೆದರುತ್ತಾನೆಂದು ಯಾರಿಗೆ ಹೇಳಿಕೊಳ್ಳುವುದು?

ಆ ಸೊಗಡು ನನ್ನ ಮಟ್ಟಿಗೆ ಒಂದೇ ಒಂದು ಚಳಿಗಾಲದ್ದು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮೂರು ದೊಡ್ಡನೆಕ್ಕುಂದಿಯ ಮಗ್ಗುಲಲ್ಲಿತ್ತು. ಈಗಲೂ ಇದೆ ಅನ್ನಿ, ಗಾಜಿನ ಕಟ್ಟಡಗಳ ಸಂದಿಯಲ್ಲಿ ಹುಡುಕಬೇಕು. ಆಗ ಊರಿನ ಒಂದು ಕಡೆ ಕೆರೆ, ಇನ್ನೊಂದು ಕಡೆ ಹೊಸದಾಗಿ ಎದ್ದ ಕಾರ್ಖಾನೆಗಳ ಕಾಂಪೌಂಡು. ಅಪ್ಪ ಅಂಥದ್ದೊಂದು ಕಾರ್ಖಾನೆಯಲ್ಲಿ ಕಾವಲುಗಾರ. ಬೆಳಗಿನ ಪಾಳಿಯ ಸೈರನ್ನು ಕೂಗುವ ಹೊತ್ತಿಗೆ ನಾನು ಕೆರೆ ಏರಿಯ ಮೇಲೆ ಶಾಲೆಗೆ ಹೊರಟಿರುತ್ತಿದ್ದೆ. ಆ ವರ್ಷ ಮಂಜು ಎಂಥದೆಂದರೆ, ನಡೆಯುವಾಗ ನನ್ನ ಕಾಲೇ ನನಗೆ ಕಾಣುತ್ತಿರಲಿಲ್ಲ. ಏರಿಯ ಕೆಳಗೆ ರಾಗಿ ಕೊಯ್ದು ಮುಗಿದ ಹೊಲದಲ್ಲಿ ಅವರೆ ಸಾಲುಗಳು ಮಾತ್ರ ನಿಂತಿದ್ದವು. ಅವುಗಳ ವಾಸನೆ ಮಂಜಿನೊಳಗೆ ಸೇರಿಕೊಂಡು ಬಟ್ಟೆಗೆಲ್ಲ ಮೆತ್ತಿಕೊಳ್ಳುತ್ತಿತ್ತು.

ನನ್ನ ಹುಟ್ಟಿನ ಕತೆ ಹೇಳದೆ ಆ ಚಳಿಗಾಲದ ಕತೆ ಅರ್ಥವಾಗುವುದಿಲ್ಲ. ನನಗಿಂತ ಮೊದಲು ಅಮ್ಮನಿಗೆ ಹುಟ್ಟಿದ ಮಕ್ಕಳು ಉಳಿದಿರಲಿಲ್ಲ. ಹಾಗೆ ಆಗುತ್ತಿದ್ದ ಮನೆಗಳಲ್ಲಿ ನಮ್ಮ ಕಡೆ ಒಂದು ಪದ್ಧತಿ ಇತ್ತು. ಹುಟ್ಟಿದ ಕೂಸನ್ನು ಮೊರದಲ್ಲಿ ಮಲಗಿಸಿ, ಮಕ್ಕಳು ಮರಿ ಕಂಡ ಇನ್ನೊಬ್ಬ ಹೆಂಗಸಿಗೆ ತೌಡಿಗೆ ಮಾರಿಬಿಡುವುದು. ಮಗು ಈಗ ಬೇರೆಯವರದ್ದು, ಹುಡುಕಿಕೊಂಡು ಬಂದ ಸಾವಿಗೆ ಈ ಮನೆಯಲ್ಲಿ ಕೆಲಸವಿಲ್ಲ ಎಂದು ಲೆಕ್ಕ. ನನ್ನನ್ನು ಕೊಂಡವಳು ಪಕ್ಕದ ಬೀದಿಯ ಅಕ್ಕಯಮ್ಮಜ್ಜಿ. ಹಸುವಿಗೆ ಇಟ್ಟಿದ್ದ ತೌಡನ್ನೇ ಸೆರಗಿನಲ್ಲಿ ತಂದು ಸುರಿದು, "ಇವ್ನು ನನ್ ಮಗ ಕಣಮ್ಮಿ, ನೀನು ಸುಮ್ಕೆ ಸಾಕ್ಕೊಡು" ಎಂದಳಂತೆ. ಬೆಲೆ ಜಾಸ್ತಿಯಾಯಿತು ಎಂದು ಅಪ್ಪ ಆಗಾಗ ನನ್ನನ್ನು ರೇಗಿಸುತ್ತಿದ್ದ.

ಪದ್ಧತಿಗೆ ಇನ್ನೊಂದು ತುದಿಯೂ ಇತ್ತು. ಮಗು ಗಟ್ಟಿಯಾದ ಮೇಲೆ, ಕೊಂಡವಳಿಗೆ ಸೀರೆ ಕುಪ್ಪಸ ಕೊಟ್ಟು, ತೌಡು ಹಿಂತಿರುಗಿಸಿ, ಅದನ್ನು ಬಿಡಿಸಿಕೊಂಡು ಬರಬೇಕು. ನನ್ನನ್ನು ಯಾರೂ ಬಿಡಿಸಿಕೊಳ್ಳಲಿಲ್ಲ. ಬರುವ ವರ್ಷ, ಬರುವ ವರ್ಷ ಎಂದು ಅಮ್ಮ ಮುಂದೂಡುತ್ತ ಬಂದಳು. ಅಜ್ಜಿಯೂ, "ಇರ್ಲಿ ಬುಡು, ಎಲ್ಲಿಗ್ ಓಯ್ತಾನೆ?" ಎಂದು ನಗುತ್ತಿದ್ದಳು. ನಾನು ಅವಳ ಮನೆಗೆ ಹೋದರೆ ಹೊಗೆಸೊಪ್ಪಿನ ಬಾಯಿಂದ ಮುದ್ದು ಕೊಟ್ಟು ಕೈಗೆ ಬೆಲ್ಲದ ಚೂರು ಇಡುತ್ತಿದ್ದಳು.

ಅದನ್ನು ನೋಡುತ್ತ ನಿಲ್ಲುತ್ತಿದ್ದವನು ಕೇಶವ. ಅಜ್ಜಿಯ ಒಬ್ಬನೇ ಮೊಮ್ಮಗ, ನನಗಿಂತ ಎರಡು ಕ್ಲಾಸು ಮುಂದೆ. ಅವನಪ್ಪ ಸತ್ತು ಬಹಳ ಕಾಲವಾಗಿತ್ತು. ಅವನಮ್ಮ ಕೂಲಿಗೆ ಹೋದರೆ ಬರುತ್ತಿದ್ದದ್ದು ಸಂಜೆಗೆ. ಅವನನ್ನು ಸಾಕಿದವಳು ಅಜ್ಜಿಯೇ. ಹನ್ನೆರಡು ವರ್ಷದ ಹುಡುಗ ಇನ್ನೂ ಅವಳ ಕಂಬಳಿಯೊಳಗೇ ಮಲಗುತ್ತಿದ್ದ. ಅವನಿಗೆ ನನ್ನ ಮೇಲೆ ಹೊಟ್ಟೆಕಿಚ್ಚು ಹುಟ್ಟಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ಅವನು ನನ್ನನ್ನು ಹೊಡೆಯಲಿಲ್ಲ, ಬಯ್ಯಲೂ ಇಲ್ಲ. ಹೊಡೆದಿದ್ದರೆ ಗಾಯವಾದರೂ ಕಾಣುತ್ತಿತ್ತು. ಅವನು ಶಾಲೆಯ ಹುಡುಗರನ್ನೆಲ್ಲ ಸೇರಿಸಿ, ನನ್ನ ಹೆಗಲ ಮೇಲೆ ಕೈಯಿಟ್ಟು, "ಇವ್ನು ನಮ್ದು ಕಣ್ರೋ. ತೌಡು ಕೊಟ್ಟು ತಗೊಂಡಿದೀವಿ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಮನೆಯಲ್ಲಿ ಅದು ತಮಾಷೆಯ ಮಾತೇ ಆಗಿತ್ತಲ್ಲ.

ನಗು ಅಲ್ಲಿಗೆ ಮುಗಿಯಿತು. ಅಂದಿನಿಂದ ಅವನ ಚೀಲ ನನ್ನ ಬೆನ್ನಿಗೆ ಬಂತು. ನನ್ನ ಮುದ್ದೆಯ ಅರ್ಧ ಅವನ ಬಾಯಿಗೆ ಹೋಯಿತು. ಅವನು ಕೂರು ಎಂದರೆ ಕೂರಬೇಕು, ಆಟಕ್ಕೆ ಯಾರಾದರೂ ನನ್ನನ್ನು ಕರೆದರೆ ಅವನನ್ನು ಕೇಳಬೇಕು. ಯಾರಾದರೂ ನನ್ನ ಹೆಸರು ಹಿಡಿದು ಕೂಗಿದರೆ, "ಅವನ್ಗೆ ಎಸ್ರಿಲ್ಲ, ತೌಡು ಅನ್ರೋ" ಎನ್ನುತ್ತಿದ್ದ. ಒಂದೆರಡು ತಿಂಗಳಲ್ಲಿ ರಾಜು ಎಂದು ಕೂಗಿದರೆ ನನಗೇ ತಿರುಗಬೇಕೆನಿಸುತ್ತಿರಲಿಲ್ಲ. ಮನೆಯಲ್ಲಿ ಹೇಳಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ, ಎಲ್ಲರೂ ಕೇಳುತ್ತಾರೆ. ಏನೆಂದು ಹೇಳಲಿ? ಅವನು ಸುಳ್ಳು ಹೇಳಿರಲಿಲ್ಲ. ಮಾರಿದವಳು ಅಮ್ಮನೇ.

ಕಾರ್ತಿಕದಲ್ಲಿ ಅಕ್ಕಯಮ್ಮಜ್ಜಿ ತೀರಿಕೊಂಡಳು. ಎರಡು ದಿನ ಜ್ವರ, ಅಷ್ಟೆ. ಕೆರೆಯಂಚಿನ ಅವರ ಹೊಲದಲ್ಲೇ, ಅವರೆ ಸಾಲಿನ ಪಕ್ಕ ಮಣ್ಣು ಮಾಡಿದರು. ಮನೆಯಲ್ಲಿ ಇನ್ನೊಬ್ಬ ಗಂಡಸಿಲ್ಲದ್ದಕ್ಕೆ ಕೇಶವನೇ ತಲೆ ಬೋಳಿಸಿಕೊಂಡು ಮುಂದೆ ನಡೆದ. ಮೊದಲ ಹಿಡಿ ಮಣ್ಣು ಹಾಕು ಎಂದು ದೊಡ್ಡವರು ಹೇಳಿದಾಗ ಅವನು ಹಾಕಲಿಲ್ಲ. ಯಾರೋ ಅವನ ಕೈ ಹಿಡಿದು ಹಾಕಿಸಿದರು. ತಿಥಿ ಮುಗಿಸಿ ಅವನು ಶಾಲೆಗೆ ಬಂದ ದಿನ, ಆ ಬೋಳುತಲೆ, ಕೆಂಪಗಾದ ಕಣ್ಣು ನೋಡಿ ಮೇಷ್ಟ್ರೂ ಅವನನ್ನು ಏನೂ ಕೇಳಲಿಲ್ಲ. ಅಜ್ಜಿ ಹೋದಳು, ಇನ್ನು ನನ್ನ ಪೀಡೆ ಕಳೆಯಿತು ಎಂದುಕೊಂಡಿದ್ದೆ.

ಊಟದ ಬಿಡುವಿನಲ್ಲಿ ಅವನು ನನ್ನ ಪಕ್ಕ ಬಂದು ಕೂತ. ದನಿ ಮೆತ್ತಗಿತ್ತು. "ಅಜ್ಜಿ ಚಾಪೆ ಸುಟ್ವಿ" ಎಂದ. "ಕೋಲು ಸುಟ್ವಿ. ಸೀರೆ ಕೆರೇಗ್ ಬುಟ್ವಿ. ತಟ್ಟೆ ಲೋಟ ಯಾರ್ಗೋ ಕೊಟ್ವಿ." ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದ. "ಅವಳ್ ಸಾಮಾನಲ್ಲಿ ನೀನೊಬ್ನೇ ಉಳ್ದಿರೋದು."

ಮರುದಿನದಿಂದ ಶಾಲೆಯಲ್ಲಿ ಯಾರೂ ನನ್ನನ್ನು ಮುಟ್ಟಲಿಲ್ಲ. ಕೇಶವ ಹಾಗೆಂದು ಹೇಳಿದ್ದನೋ, ಹುಡುಗರೇ ಕಂಡುಕೊಂಡರೋ ಗೊತ್ತಿಲ್ಲ. ನಾನು ಕೂರುವ ಜಾಗದಲ್ಲಿ ಬೆಳಗ್ಗೆ ಒಂದು ವೀಳ್ಯದೆಲೆ, ಅದರ ಮೇಲೆ ಚೂರು ಹೊಗೆಸೊಪ್ಪು, ನಾಲ್ಕು ಅಕ್ಕಿಕಾಳು ಇರುತ್ತಿದ್ದವು. ಸತ್ತವರಿಗೆ ಎಡೆಯಿಟ್ಟ ಹಾಗೆ. ನಾನು ಕೇಳುವಂತೆಯೇ ಮಾತಾಡಿಕೊಳ್ಳುತ್ತಿದ್ದರು: "ರಾಜು ಒಳ್ಳೇವ್ನಾಗಿದ್ದ ಅಲ್ವೇನ್ಲಾ?" "ಊಂ ಕಣೋ, ಲೆಕ್ಕ ಚೆನ್ನಾಗ್ ಮಾಡ್ತಿದ್ದ ಪಾಪ." ನಾನು ಅಲ್ಲೇ, ಅವರ ಮುಂದೆಯೇ ಕೂತಿದ್ದೆ. ಒಬ್ಬನೂ ನಗುತ್ತಿರಲಿಲ್ಲ. ನಕ್ಕಿದ್ದರೆ ಇದು ಆಟ ಎಂದಾದರೂ ಗೊತ್ತಾಗುತ್ತಿತ್ತು.

ಹತ್ತು ವರ್ಷದ ತಲೆಗೆ ಇಷ್ಟು ಸಾಕು. ನನಗೆ ಅಜ್ಜಿ ಕಾಣತೊಡಗಿದಳು. ಮುಂಜಾನೆ ಏರಿಯ ಮೇಲೆ ಹೋಗುವಾಗ ಕೆಳಗೆ ಅವರೆ ಹೊಲದ ಅಂಚಿನಲ್ಲಿ, ಮಂಜಿನೊಳಗೆ, ಕಂಬಳಿ ಹೊದ್ದ ಒಂದು ಆಕಾರ ಕೂತಿರುತ್ತಿತ್ತು. ಅಜ್ಜಿ ಚಳಿಗೆ ಕೂರುತ್ತಿದ್ದ ಹಾಗೆಯೇ, ಮಂಡಿ ಎದೆಗೆ ಒತ್ತಿಕೊಂಡು. ಅದು ನನ್ನ ಕಡೆ ತಿರುಗುತ್ತಿರಲಿಲ್ಲ, ಏಳುತ್ತಿರಲಿಲ್ಲ. ನಾನು ಉಸಿರು ಹಿಡಿದು ಓಡುತ್ತಿದ್ದೆ. ಮಾರನೇ ದಿನ ಮತ್ತೆ ಅಲ್ಲೇ ಇರುತ್ತಿತ್ತು. ಸೈರನ್ನು ಕೂಗಿದಾಗ ಮಾತ್ರ ಅದರ ತಲೆ ಸ್ವಲ್ಪ ಮೇಲೇಳುತ್ತಿತ್ತು.

ಊಟ ಸೇರದಾಯಿತು. ಬಿಸಿಲಿಗೆ ಬಂದಾಗಲೆಲ್ಲ ನೆಲದ ಮೇಲೆ ನನ್ನ ನೆರಳಿದೆಯೇ ಎಂದು ನೋಡಿಕೊಳ್ಳುತ್ತಿದ್ದೆ. ಶಾಲೆಯಲ್ಲಿ ಹಾಜರಿ ಕೂಗಿದಾಗ ಬಾಯಿ ತೆರೆದರೂ ಸದ್ದು ಬರುತ್ತಿರಲಿಲ್ಲ. ಮೇಷ್ಟ್ರು ಎರಡು ದಿನ ಬೆತ್ತ ಕೊಟ್ಟರು, ಮೂರನೇ ದಿನದಿಂದ ತಾವೇ ಗುರುತು ಹಾಕಿಕೊಂಡು ಮುಂದಕ್ಕೆ ಹೋದರು. ಮನೆಯಲ್ಲಿ ಅಮ್ಮ ಹಿಂದಿನಿಂದ ಕೂಗಿದರೆ ಓಗೊಡುತ್ತಿರಲಿಲ್ಲ. ಕರೆದವಳು ಅಮ್ಮನೋ, ಅಮ್ಮನ ದನಿಯಲ್ಲಿ ಕರೆಯುತ್ತಿರುವ ಇನ್ನೊಬ್ಬಳೋ ಎಂಬ ಅನುಮಾನ. ಅವಳು ಎದುರಿಗೆ ಬಂದು ನಿಲ್ಲುವವರೆಗೆ ಗೋಡೆಗೆ ಅಂಟಿಕೊಂಡು ಕೂತಿರುತ್ತಿದ್ದೆ.

ಅಮ್ಮನ ಜೀವ ಬಾಯಿಗೆ ಬಂತು. ಮೊದಲು ಹೋದ ಮಕ್ಕಳನ್ನು ಕಂಡಿದ್ದವಳು ಅವಳು. ಗಾಳಿ ಸೋಕಿದೆ ಎಂದು ಬೀದಿಯೆಲ್ಲ ಒಂದೇ ಬಾಯಲ್ಲಿ ಹೇಳಿತು. ವರ್ತೂರಿನ ಕಡೆ ನಿಂಬೆಹಣ್ಣು ಮಂತ್ರಿಸಿಕೊಡುವ ಒಬ್ಬ ಮುದುಕರಿದ್ದರು. ಅಪ್ಪ ಸೈಕಲ್ಲಿನ ಮುಂದೆ ನನ್ನನ್ನು, ಹಿಂದೆ ಅಮ್ಮನನ್ನು ಕೂರಿಸಿಕೊಂಡು ಅಲ್ಲಿಗೆ ತುಳಿದ. ಮುದುಕರು ನನ್ನ ರೆಪ್ಪೆ ಎತ್ತಿ ನೋಡಿದರು, ಕತೆಯನ್ನೆಲ್ಲ ಕೇಳಿದರು, ಆಮೇಲೆ ಅಮ್ಮನ ಕಡೆ ತಿರುಗಿದರು.

"ಕೊಂಡೋಳು ಬದುಕಿದ್ದಾಗ್ಲೇ ಯಾಕಮ್ಮ ಬಿಡಿಸ್ಕೊಳ್ಳಿಲ್ಲ?"

ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಬಯ ಸಾಮಿ" ಎಂದಳು. "ನನ್ ಮಗ ಅಂತ ಕರ್ಕೊಂಡ್ ಬಂದ್ರೆ ಇವ್ನೂ ಓಗ್ಬುಟ್ರೆ? ಅವಳ್ದೇ ಆಗಿರ್ಲಿ, ಬದುಕಿರ್ಲಿ ಅಂತ ಸುಮ್ಕಿದ್ದೆ."

ಅದುವರೆಗೆ ನನಗೆ ಅದು ಗೊತ್ತಿರಲಿಲ್ಲ. ಅಮ್ಮ ಮರೆತಿದ್ದಾಳೆ, ಅಥವಾ ಸೀರೆಗೆ ಕಾಸಿಲ್ಲ ಎಂದುಕೊಂಡಿದ್ದೆ. ಅಷ್ಟು ಪ್ರೀತಿಯನ್ನು ಕೇಳಿಸಿಕೊಂಡ ಮೇಲಾದರೂ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ನನಗೆ ಕೇಳಿಸಿದ್ದು ಒಂದೇ ಮಾತು: ಅವಳ್ದೇ ಆಗಿರ್ಲಿ. ಕೇಶವ ಹೇಳಿದ್ದು ಹಾಗಾದರೆ ನಿಜ.

ಮುದುಕರು ದಾರಿ ಹೇಳಿಕೊಟ್ಟರು. ಆ ಮನೆಯ ಗಂಡುಮಗನ ಕೈಯಿಂದಲೇ ನನ್ನನ್ನು ಬಿಡಿಸಿಕೊಳ್ಳಬೇಕು, ಹಗಲು ಹೊತ್ತಿನಲ್ಲಿ, ನಾಲ್ಕು ಜನರ ಎದುರಿಗೆ. ಆ ಮನೆಗೆ ಇದ್ದ ಗಂಡುಮಗ ಕೇಶವನೊಬ್ಬನೇ. ಅಪ್ಪ ಅಮ್ಮ ಸಾಲ ಮಾಡಿ ಸೀರೆ ತಂದರು, ಹಣ್ಣು ತಂದರು, ನನ್ನನ್ನು ಎಣ್ಣೆ ಹಚ್ಚಿ ಮೀಯಿಸಿ, ಅವನ ಕೈಗೇ ಒಪ್ಪಿಸಲು ಕೈಹಿಡಿದು ಕರೆದುಕೊಂಡು ಹೋದರು. ಅವರನ್ನು ಹೇಗೆ ಬಯ್ಯಲಿ? ಅವರಿಗೆ ಗೊತ್ತಿದ್ದದ್ದು ಒಂದೇ ಪೀಡೆ, ಅದು ಸತ್ತವರದ್ದು.

ಅಕ್ಕಯಮ್ಮಜ್ಜಿಯ ಅಂಗಳದಲ್ಲಿ ಮಧ್ಯಾಹ್ನ ಬೀದಿಯ ಹೆಂಗಸರೆಲ್ಲ ಸೇರಿದ್ದರು. ದೊಡ್ಡದೊಂದು ಮೊರ ತಂದಿಟ್ಟರು. ಅದರಲ್ಲಿ ನಾನೆಲ್ಲಿ ಹಿಡಿಸುತ್ತೇನೆ! ಕುಕ್ಕರಗಾಲಿನಲ್ಲಿ ಕೂತು ಮಂಡಿ ತಬ್ಬಿಕೊಂಡೆ. "ಬಸಿರಿಗಿಂತ ಕೂಸೇ ದೊಡ್ದಾಯ್ತಲ್ಲೇ" ಎಂದು ಯಾರೋ ಅಂದರು, ಎಲ್ಲರೂ ಕಿಸಕ್ಕೆಂದರು. ಮೊರದ ಆ ಅಂಚನ್ನು ಕೇಶವ ಹಿಡಿದಿದ್ದ, ಈ ಅಂಚನ್ನು ಅಮ್ಮ. ಅವನ ತಲೆಯಲ್ಲಿ ಕೂದಲು ಆಗಷ್ಟೇ ಮುಳ್ಳುಮುಳ್ಳಾಗಿ ಹುಟ್ಟುತ್ತಿತ್ತು. ಅಮ್ಮ ಅವನ ಪಂಚೆಯ ಮಡಿಲಿಗೆ ತೌಡು ಸುರಿದಳು. ಅವನ ಅಮ್ಮನಿಗೆ ಸೀರೆ ಕೊಟ್ಟಳು. ಅವನು ಏನು ಹೇಳಬೇಕೆಂದು ಹಿರಿಯರೊಬ್ಬರು ಹೇಳಿಕೊಟ್ಟರು. ಅವನು ಹೇಳುವ ಮೊದಲು ನನ್ನ ಕಡೆ ಬಗ್ಗಿದ, ತಲೆ ಸವರುವವನ ಹಾಗೆ. ಅವನ ಬಾಯಿಂದ ಹೊಗೆಸೊಪ್ಪಿನ ವಾಸನೆ ಬರುತ್ತಿತ್ತು.

"ಅಜ್ಜಿ ಒಪ್ಪಿಲ್ಲ ಕಣ್ಲಾ" ಎಂದ, ನನ್ನ ಕಿವಿಗೆ ಮಾತ್ರ.

ಆಮೇಲೆ ನೆಟ್ಟಗೆ ನಿಂತು, ಪಾಠ ಒಪ್ಪಿಸುವವನಂತೆ ಗಟ್ಟಿಯಾಗಿ, "ನಿಮ್ ಮಗ ನಿಮ್ಗೆ. ನಮ್ಗೂ ಅವನ್ಗೂ ಋಣ ತೀರ್ತು" ಎಂದ. ಹೆಂಗಸರು ಸೋಬಾನೆ ಎತ್ತಿದರು. ಅಮ್ಮ ನನ್ನನ್ನು ಮೊರದಿಂದ ಎತ್ತಿ ಎದೆಗೆ ಅವುಚಿಕೊಂಡು ಅತ್ತಳು. ಅವಳ ಎದೆ ಬೆಚ್ಚಗಿತ್ತು. ಅವಳು ಅಪ್ಪಿಕೊಂಡಿರುವುದು ಬೇರೆ ಯಾರನ್ನೋ, ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೇನೆ ಎನಿಸಿತು.

ಅದಾದ ಮೇಲೆ ನನಗೆ ಹೆದರಿಕೆ ನಿಂತುಹೋಯಿತು. ಇದನ್ನು ಹೇಳಿದರೆ ಜನ ನಂಬುವುದಿಲ್ಲ. ಹೆದರಿಕೆ ಇದ್ದಾಗ ಓಡುತ್ತಿದ್ದೆ, ಅಳುತ್ತಿದ್ದೆ, ಬಾಗಿಲ ಹಿಂದೆ ಬಚ್ಚಿಟ್ಟುಕೊಳ್ಳುತ್ತಿದ್ದೆ. ಈಗ ಅದೇನೂ ಬೇಕಿರಲಿಲ್ಲ. ಕೊಟ್ಟ ಊಟ ಉಂಡೆ. ಕರೆದರೆ ಊಂ ಎಂದೆ. ಹುಡುಗ ಗೆಲುವಾದ ಎಂದು ಅಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಳು. ನಾನು ಅಜ್ಜಿಯ ಹತ್ತಿರ ಹೋಗುವುದು ಖಚಿತವಾಗಿತ್ತು, ಯಾವತ್ತು ಎಂಬುದಷ್ಟೇ ಉಳಿದಿತ್ತು.

ಮುಂದಿನ ವಾರ ಒಂದು ಬೆಳಗ್ಗೆ ಮಂಜು ವಿಪರೀತ ದಟ್ಟವಾಗಿತ್ತು. ಏರಿಯ ಮೇಲೆ ಅರ್ಧ ದಾರಿ ನಡೆದವನು ಕೆಳಗಿಳಿದುಬಿಟ್ಟೆ. ಅವರೆ ಸಾಲಿನ ನಡುವೆ ಹಾದು, ಒದ್ದೆಯಾದ ಚಡ್ಡಿಯಲ್ಲಿ ನಡುಗುತ್ತ ಮಣ್ಣಿನ ಗುಡ್ಡೆಯ ಹತ್ತಿರ ಹೋದೆ. ಕಂಬಳಿಯ ಆಕಾರ ಅಲ್ಲೇ ಕೂತಿತ್ತು. ನಾನು ಓಡಲಿಲ್ಲ. ಅದು ತಲೆಯೆತ್ತಿತು. ಕೇಶವ.

ಅಜ್ಜಿಯ ಕಂಬಳಿಯನ್ನು ಅವನು ಸುಡಲು ಬಿಟ್ಟಿರಲಿಲ್ಲ, ಎಲ್ಲೋ ಬಚ್ಚಿಟ್ಟುಕೊಂಡಿದ್ದ. ದಿನಾ ಬೆಳಗ್ಗೆ ಅದನ್ನು ಹೊದ್ದುಕೊಂಡು, ಅವಳ ಹೊಗೆಸೊಪ್ಪನ್ನು ಬಾಯಿಗಿಟ್ಟುಕೊಂಡು ಅಲ್ಲಿ ಬಂದು ಕೂರುತ್ತಿದ್ದ. ಅಷ್ಟು ದಿನ ನನಗೆ ಕಂಡವನು ಅವನೇ. ಅದು ಗೊತ್ತಾದ ಕೂಡಲೇ ನನ್ನ ಭೂತ ಬಿಡಬೇಕಿತ್ತು ಎನ್ನುತ್ತೀರಿ. ಆದರೆ ಅವನು ನನ್ನನ್ನು ನೋಡಿ ಗೇಲಿ ಮಾಡಲಿಲ್ಲ. ಅತ್ತು ಅತ್ತು ಊದಿದ ಮುಖದಲ್ಲಿ ಒಂಥರಾ ಸಮಾಧಾನ ಬಂತು.

"ಬಂದ್ಯಾ?" ಎಂದ. ಗುಡ್ಡೆಯ ಕಡೆ ತಿರುಗಿ, "ಅಜ್ಜಿ, ಬಂದ" ಎಂದ.

ಆಮೇಲೆ ನನಗೆ ಬಿಡಿಸಿ ಹೇಳಿದ, ದೊಡ್ಡವರು ಚಿಕ್ಕವರಿಗೆ ಹೇಳುವ ಹಾಗೆ. "ಒಬ್ಳೇ ಮಲ್ಗಿ ಅವಳ್ಗೆ ಅಬ್ಯಾಸ ಇಲ್ಲ ಕಣ್ಲಾ. ನಾನ್ ಓಗಕ್ಕಾಗಲ್ಲ, ನಮ್ಮಮ್ಮಂಗೆ ನಾನೊಬ್ನೇ. ನೀನ್ ಓಗು. ನೀನೆಂಗೂ ಅವಳ್ದೇ ಅಲ್ವಾ?"

ನಮ್ಮಮ್ಮನಿಗೂ ನಾನೊಬ್ಬನೇ ಎಂಬ ಮಾತು ನನ್ನ ಬಾಯಿಗೆ ಬರಲಿಲ್ಲ. ಹೆದರಿ ಸುಮ್ಮನಾದದ್ದಲ್ಲ, ಅದು ನನಗೆ ಹೊಳೆಯಲೇ ಇಲ್ಲ. ಆ ಚಳಿಗಾಲದಲ್ಲಿ ನಡೆದದ್ದರಲ್ಲೆಲ್ಲ ಇವತ್ತಿಗೂ ನನ್ನ ಎದೆ ನಡುಗಿಸುವುದು ಅದೊಂದೇ. ಗುಡ್ಡೆಯ ಮೇಲೆ ಮಲಗಿದೆ. ಮಣ್ಣು ಇನ್ನೂ ಸಡಿಲವಾಗಿತ್ತು, ಬೆನ್ನಿನ ಕೆಳಗೆ ಸ್ವಲ್ಪ ಕುಸಿಯಿತು. ಕೇಶವ ತನ್ನ ಮೈಮೇಲಿದ್ದ ಕಂಬಳಿ ತೆಗೆದು ನನಗೆ ಹೊದಿಸಿದ, ಕಾಲಿನವರೆಗೂ ಎಳೆದು, ಅಂಚುಗಳನ್ನು ಮೆಲ್ಲಗೆ ಒಳಗೆ ಸೇರಿಸಿದ. ಅಷ್ಟು ಅಕ್ಕರೆಯಿಂದ ಅವನು ನನ್ನನ್ನು ಯಾವತ್ತೂ ಮುಟ್ಟಿರಲಿಲ್ಲ. ಕಂಬಳಿಯೊಳಗೆ ಕತ್ತಲು, ಅಜ್ಜಿಯ ವಾಸನೆ. ಎಷ್ಟು ಹೊತ್ತು ಮಲಗಿದ್ದೆನೋ. ಕೈಕಾಲು ಜೋಮು ಹಿಡಿದು, ಆಮೇಲೆ ಕೈಕಾಲೇ ಇಲ್ಲವೆನಿಸಿ, ನಿದ್ದೆಯಂಥದ್ದು ಬರತೊಡಗಿತು.

ನಾನು ಬುತ್ತಿ ಬಿಟ್ಟು ಬಂದಿದ್ದೆನೆಂದು ಅಮ್ಮ ಅದನ್ನು ಹಿಡಿದುಕೊಂಡು ಹಿಂದೆಯೇ ಬಂದಿದ್ದಳಂತೆ. ಏರಿಯ ಇಳಿಜಾರಿನ ಹುಲ್ಲಿನಲ್ಲಿ ಇಬ್ಬನಿ ಅಳಿಸಿದ ನನ್ನ ಹೆಜ್ಜೆಗಳು ಕೆಳಗೆ ಹೋಗಿರುವುದು ಕಂಡು ಇಳಿದಳು. ಅವಳ ಕಣ್ಣಿಗೆ ಬಿದ್ದದ್ದು, ಗುಡ್ಡೆಯ ಮೇಲೆ ಕಂಬಳಿ ಹೊದ್ದು ಮಲಗಿದ ಅಕ್ಕಯಮ್ಮಜ್ಜಿ. ಅವಳು ಕಿರುಚಿದ ಸದ್ದು ಕಂಬಳಿಯೊಳಗೆ ನನಗೂ ಕೇಳಿಸಿತು. ಆದರೆ ಅವಳು ಓಡಿಹೋಗಲಿಲ್ಲ. ನನ್ನನ್ನು ಹೆತ್ತ ಹೆಂಗಸು ಭೂತ ಎಂದುಕೊಂಡೇ ಹತ್ತಿರ ಬಂದು, ಕಂಬಳಿ ಕಿತ್ತು ಎಸೆದಳು. ಬೆಳಕು ಬಿತ್ತು. ಕೇಶವ ಅಲ್ಲೇ ಕೂತಿದ್ದ. "ಅಕ್ಕ, ಎಬ್ಬುಸ್ಬೇಡ. ಅಜ್ಜಿ ಬಯ್ತಾಳೆ" ಎಂದ.

ಅಮ್ಮ ನನ್ನ ಕೆನ್ನೆಗೆ ಹೊಡೆದಳು, ಮತ್ತೆ ಹೊಡೆದಳು. ನೋವಾಯಿತು. ಆಗ ಜೋರಾಗಿ ಅತ್ತುಬಿಟ್ಟೆ. ಅಳುವಿನ ಜೊತೆಗೆ ಎಲ್ಲವೂ ಹೊರಗೆ ಬಂತು: ಚೀಲ, ಮುದ್ದೆ, ವೀಳ್ಯದೆಲೆ, ರಾಜು ಒಳ್ಳೇವ್ನಾಗಿದ್ದ ಎಂಬ ಮಾತು, ಮೊರದಲ್ಲಿ ಕಿವಿಗೆ ಹೇಳಿದ್ದು. ಅಮ್ಮ ಕೇಳುತ್ತ ಕೇಳುತ್ತ ಕೇಶವನನ್ನೇ ನೋಡುತ್ತಿದ್ದಳು. ಅವನಿಗೆ ಎರಡೇಟು ಬಿಡುತ್ತಾಳೆ ಎಂದುಕೊಂಡೆ. ಅವಳು ಕಂಬಳಿಯನ್ನು ಎತ್ತಿ ಅವನ ಕಡೆಗೆ ಎಸೆದಳು. ಅವನು ಗಡಗಡ ನಡುಗುತ್ತಿದ್ದ.

ಅಲ್ಲಿಂದ ನೇರ ಅವನ ಮನೆಗೆ ಹೋದೆವು. ಅವನ ಅಮ್ಮ ಒಲೆ ಮುಂದಿನಿಂದ ಏಳದೆ, "ಮಕ್ಳಾಟ ಕಣಕ್ಕ, ದೊಡ್ದು ಮಾಡ್ಬೇಡ" ಎಂದಳು. ಶಾಲೆಗೆ ಹೋದೆವು. ಮೇಷ್ಟ್ರು, "ಹುಡುಗ್ರು ಅಂದ್ಮೇಲೆ ಇದ್ದಿದ್ದೇ. ಇವನು ಸ್ವಲ್ಪ ಗಟ್ಟಿಯಾಗಬೇಕಮ್ಮ" ಎಂದರು. ವರ್ಷ ಮುಗಿಯುವುದರೊಳಗೆ ಕೇಶವನನ್ನು ಹೊಸೂರಿನ ಕಡೆ ಮಾವನ ಮನೆಗೆ ಕಳಿಸಿದರು. ಈಗ ನಮ್ಮೂರಿನಲ್ಲಿ ಅವನ ಬಾಡಿಗೆ ಕಟ್ಟಡಗಳಿವೆ. ಮದುವೆ ಮನೆಗಳಲ್ಲಿ ಸಿಕ್ಕರೆ, "ಏನ್ ರಾಜು, ಆರಾಮಾ?" ಎಂದು ಕೈ ಕೊಡುತ್ತಾನೆ. ಒಳ್ಳೆಯವನು, ನಾಲ್ಕು ಜನಕ್ಕೆ ಬೇಕಾದವನು. ಅವನು ಕೈ ಬಿಡುವವರೆಗೆ ನಾನು ಉಸಿರಾಡುವುದಿಲ್ಲ. ಅವನಿಗೇನಾದರೂ ನೆನಪಿದೆಯೋ ಇಲ್ಲವೋ, ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.

ಆ ದಿನ ಮಧ್ಯಾಹ್ನ ಅಪ್ಪ ಪಾಳಿ ಮುಗಿಸಿ ಬಂದ. ಅಮ್ಮ ಎಲ್ಲವನ್ನೂ ಹೇಳಿದಳು. ಅಪ್ಪ ಸೈಕಲ್ಲನ್ನು ಗೋಡೆಗೆ ಒರಗಿಸಿ, ಮುಖ ತೊಳೆದು, ಜಗಲಿಯ ಮೇಲೆ ಕೂತು ದೊಡ್ಡದೊಂದು ಉಸಿರು ಬಿಟ್ಟ. ಎಷ್ಟೋ ವಾರಗಳ ಮೇಲೆ ಅವನ ಮುಖದಲ್ಲಿ ನಗು ಕಂಡಿತು. "ಸದ್ಯ, ದೆವ್ವ ಅಲ್ವಲ್ಲ" ಎಂದ.

ಅಮ್ಮ ನನ್ನನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದಳು. ನನ್ನ ಕೂದಲಿಗೆ ಅಂಟಿದ್ದ ಮಣ್ಣನ್ನು ಬಿಡಿಸುತ್ತ, ಅಪ್ಪನ ಕಡೆ ನೋಡದೆ ಹೇಳಿದಳು:

"ದೆವ್ವ ಆಗಿದ್ದಿದ್ರೆ ಬಿಡಿಸ್ಬೋದಾಗಿತ್ತು."